ಒಂದೇ ತಾರೀಖು, ಮೂರು ಹಬ್ಬ

2018ರ ಶ್ರಾವಣ. ಸಂಗೊಳ್ಳಿಯ ನಮ್ಮ ಮನೆಯ ಕ್ಯಾಲೆಂಡರಿನ ಮುಂದೆ ನಿಂತು ಮೊಮ್ಮಗಳು ಕೂಗಿದಳು: “ಅಜ್ಜಾ, ಆಗಸ್ಟ್ 15ಕ್ಕ ಸಾಲಿಗೆ ಹೋಗಬೇಕೋ, ಜೋಕಾಲಿ ಆಡಬೇಕೋ?”

ಅವಳು ಕೇಳಿದ್ದು ಸರಿಯೇ. ಆ ವರ್ಷ ನಾಗರ ಪಂಚಮಿ ಸ್ವಾತಂತ್ರ್ಯ ದಿನದಂದೇ ಬಂದಿತ್ತು. ನಮ್ಮೂರಿಗೆ ಅದು ರಾಯಣ್ಣನ ಜಯಂತಿಯೂ ಹೌದು. ಅವಳಿಗೆ ಇನ್ನೊಂದು ಲೆಕ್ಕವೂ ಇತ್ತು. ಸೈನ್ಯದಲ್ಲಿರುವ ಅವಳಪ್ಪ ಪಂಚಮಿಗೆ ಬರುತ್ತೇನೆಂದಿದ್ದ. ರಜೆ ಸಿಗಲಿಲ್ಲವೆಂದು ಹಿಂದಿನ ರಾತ್ರಿ ನನಗೆ ಫೋನ್ ಬಂದಿತ್ತು. ಅದನ್ನು ಅವಳಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಿತ್ತು.

ಹೇಗೆ ಹೇಳಲಿ? ರಾಯಣ್ಣನಿಂದ ಶುರು ಮಾಡಿದೆ.

ಮಕ್ಕಳೇ, ಈ ಕಥೆ ನಿಮಗೂ ಗೊತ್ತಿರಬಹುದು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಸಾಹೇಬ ಬಿದ್ದ. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ದಂಡು ಬಂದು ಕೋಟೆ ಹಿಡಿಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿದ್ದು, 1829ರಲ್ಲಿ ಅಲ್ಲೇ ತೀರಿಕೊಂಡಳು. ರಾಯಣ್ಣ ಮಾತ್ರ ಬಿಡಲಿಲ್ಲ. ಕಾಡಿನಲ್ಲಿ ಅಡಗಿದ, ಹಳ್ಳಿಯ ಹುಡುಗರನ್ನೇ ದಂಡು ಮಾಡಿಕೊಂಡ, ಸರ್ಕಾರಿ ಕಚೇರಿಗಳಿಗೆ ಬೆಂಕಿ ಇಟ್ಟ. 1830ರಲ್ಲಿ ನಮ್ಮವರೇ ಮೋಸದಿಂದ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

“ಜನವರಿ 26? ಅದೂ ಸೂಟಿ ಐತಲ್ಲ!”

ಹೌದು, ಅವನ ಜಯಂತಿಯಂದು ನಮ್ಮ ಸ್ವಾತಂತ್ರ್ಯ ದಿನ, ಅವನು ಗಲ್ಲಿಗೇರಿದಂದು ನಮ್ಮ ಗಣರಾಜ್ಯ ದಿನ. ಯಾರೂ ಲೆಕ್ಕ ಹಾಕಿ ಇಟ್ಟದ್ದಲ್ಲ. ಅಮೆರಿಕದಲ್ಲೂ ಇಂಥದ್ದೊಂದಿದೆ. ಜುಲೈ 4 ಅವರ ಸ್ವಾತಂತ್ರ್ಯ ದಿನ. 1826ರ ಅದೇ ದಿನ ಆಡಮ್ಸ್, ಜೆಫರ್ಸನ್ ಎಂಬ ಇಬ್ಬರು ಮಾಜಿ ಅಧ್ಯಕ್ಷರು ತೀರಿಕೊಂಡರು. ರಾಯಣ್ಣ ಹೋದ 1831ರಲ್ಲಿ, ಮತ್ತೆ ಜುಲೈ 4ರಂದೇ, ಮನ್ರೋ ಎಂಬ ಇನ್ನೊಬ್ಬರು. ಹುಡುಗನಾಗಿದ್ದಾಗ ಸ್ವಾತಂತ್ರ್ಯ ಯುದ್ಧದಲ್ಲಿ ಗುಂಡೇಟು ತಿಂದು ಬದುಕಿದ ಸಿಪಾಯಿ ಅವರು.

ಅವಳು ಸುಮ್ಮನಾದಳು. ಆಮೇಲೆ ತಾನೇ ಕೇಳಿದಳು: “ಅಪ್ಪಾ ಬರೂದಿಲ್ಲ ಹೌದಲ್ಲೋ?”

“ಇಲ್ಲವಾ.”

“ರಾಯಣ್ಣನ ಅವ್ವನೂ ಹಿಂಗ ದಾರಿ ನೋಡಿರಬೇಕು.”

ನನ್ನ ಬಾಯಿ ಕಟ್ಟಿತು. ಅವಳ ಆಯಿ ಒಳಗಿನಿಂದ ಬಂದು ಅವಳ ಕೈಗೊಂದು ಶೇಂಗಾ ಉಂಡಿ ಇಟ್ಟಳು. ಇಂಥ ಹೊತ್ತಿಗೆ ಹೆಂಗಸರಿಗೆ ಇರುವ ಬುದ್ಧಿ ನಮಗಿಲ್ಲ.

15ರ ಬೆಳಿಗ್ಗೆ ಸಾಲಿಯಲ್ಲಿ ಝೆಂಡಾ, ಆಮೇಲೆ ರಾಯಣ್ಣನ ಮೂರ್ತಿಗೆ ಮಾಲೆ, ಮನೆಗೆ ಬಂದು ನಾಗಪ್ಪನಿಗೆ ಹಾಲು. ಮಧ್ಯಾಹ್ನ ಬೇವಿನ ಮರದ ಜೋಕಾಲಿಯಲ್ಲಿ ಅವಳು ಜೀಕುತ್ತಿದ್ದರೆ ನನಗೆ ನಂದಗಡದ ಆಲದ ಮರ ಕಣ್ಣಿಗೆ ಬಂತು. ರಾಯಣ್ಣನ ಸಮಾಧಿಯ ಆ ಮರಕ್ಕೆ ಮಕ್ಕಳ ಭಾಗ್ಯ ಬೇಡುವವರು ಪುಟ್ಟ ತೊಟ್ಟಿಲು ಕಟ್ಟುತ್ತಾರೆ.

ಸಂಜೆ ಅವಳು ಡಬ್ಬಿಯೊಂದರಲ್ಲಿ ಐದು ಎಳ್ಳುಂಡಿ ತುಂಬಿ ಮಾಡದಲ್ಲಿಟ್ಟಳು. ಯಾರೂ ಮುಟ್ಟಬಾರದೆಂದು ಅಪ್ಪಣೆಯಾಯಿತು.

ಅವಳಪ್ಪ ದಸರೆಗೆ ಬಂದ. ಉಂಡಿ ಕಲ್ಲಾಗಿದ್ದವು. ಹೊಸ್ತಿಲ ಮೇಲೆ ಕೂತು, ಒಳಕಲ್ಲಿನ ಗುಂಡಿನಿಂದ ಒಡೆದೊಡೆದು, ಐದನ್ನೂ ತಿಂದ.