ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೇ? ಟಿ ಕೋಶಗಳು ಹೇಳುವುದು ಬೇರೆ

ಕಷಾಯವಿರಲಿ, ಪುಡಿಯಿರಲಿ, ಡಬ್ಬಿಯ ಮೇಲೆ 'ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ' ಎಂದು ಬರೆದಿದ್ದರೆ ಸಾಕು, ನಾವು ಕೊಂಡುಬಿಡುತ್ತೇವೆ. ಆ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ನಮ್ಮ ನಂಬಿಕೆ. ಆದರೆ ನಮ್ಮ ದೇಹ ಹಾಗೆ ನಡೆದುಕೊಳ್ಳುವುದಿಲ್ಲ. ರಕ್ಷಣೆಗೆಂದು ತಾನೇ ಹುಟ್ಟಿಸಿದ ಟಿ ಕೋಶಗಳಲ್ಲಿ ಬಹುಪಾಲನ್ನು ಕೆಲಸಕ್ಕೆ ಕಳಿಸುವ ಮೊದಲೇ ಅದು ಸಾಯಿಸುತ್ತದೆ.

ಇದು ನಡೆಯುವುದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ಬಹಳ ಕಾಲ ಇದನ್ನು ಕೆಲಸಕ್ಕೆ ಬಾರದ ಅಂಗವೆಂದೇ ತಿಳಿಯಲಾಗಿತ್ತು. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಆಗತಾನೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಮರಿಗಳು ಸೋಂಕಿಗೆ ಸುಲಭವಾಗಿ ತುತ್ತಾದವು. ಬೇರೆ ಇಲಿಯ ಚರ್ಮವನ್ನು ಕಸಿ ಮಾಡಿದರೂ ಅವುಗಳ ದೇಹ ಅದನ್ನು ತಿರಸ್ಕರಿಸಲಿಲ್ಲ. ಟಿ ಕೋಶದ 'ಟಿ' ಬಂದಿದ್ದು ಥೈಮಸ್‌ನಿಂದಲೇ.

ಮೂಳೆಮಜ್ಜೆಯಲ್ಲಿ ಹುಟ್ಟಿದ ಎಳೆಯ ಕೋಶಗಳು ರಕ್ತದ ಮೂಲಕ ಇಲ್ಲಿಗೆ ಬರುತ್ತವೆ. ಪ್ರತಿಯೊಂದೂ ತನ್ನ ಮೇಲ್ಮೈಗೆ ಒಂದು ಗ್ರಾಹಕವನ್ನು ತಯಾರಿಸಿಕೊಳ್ಳುತ್ತದೆ. ಅದು ಶತ್ರುವನ್ನು ಗುರುತಿಸುವ ಕೊಂಡಿ. ಇದರ ರಚನೆಗೆ ಮೊದಲೇ ಬರೆದ ನಕ್ಷೆಯಿಲ್ಲ. ವಂಶವಾಹಿಯ ತುಣುಕುಗಳು ಕವಡೆ ಎಸೆದಂತೆ ಹೇಗೆಂದರೆ ಹಾಗೆ ಜೋಡಣೆಯಾಗುತ್ತವೆ. ಹಾಗಾಗಿಯೇ ಜಗತ್ತು ಇನ್ನೂ ಕಾಣದ ವೈರಸ್ಸಿಗೂ ಹೊಂದುವ ಒಂದು ಕೊಂಡಿ ನಮ್ಮೊಳಗೆ ಇರಬಹುದು. ನಮ್ಮದೇ ಹೃದಯಕ್ಕೆ, ನಮ್ಮದೇ ಮೇದೋಜ್ಜೀರಕ ಗ್ರಂಥಿಗೆ ಕಚ್ಚಿಕೊಳ್ಳುವ ಕೊಂಡಿಯೂ ಅಷ್ಟೇ ಸುಲಭವಾಗಿ ಹುಟ್ಟಬಹುದು.

ಆದ್ದರಿಂದ ಇಲ್ಲಿ ಎರಡು ಪರೀಕ್ಷೆ. ಟಿ ಕೋಶ ರೋಗಾಣುವನ್ನು ನೇರವಾಗಿ ನೋಡುವುದಿಲ್ಲ. ನಮ್ಮ ಬೇರೆ ಕೋಶಗಳು ಪ್ರೋಟೀನಿನ ಚೂರುಗಳನ್ನು ತಟ್ಟೆಯಲ್ಲಿಟ್ಟಂತೆ ಹೊರಗೆ ಹಿಡಿದು ತೋರಿಸಬೇಕು. ಆ 'ತಟ್ಟೆ'ಯನ್ನೇ ಗುರುತಿಸಲಾಗದ ಕೋಶಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಇದು ಮೊದಲನೆಯದು. ತಟ್ಟೆಯಲ್ಲಿರುವ ನಮ್ಮದೇ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡರೂ ಸಾವೇ. ಇದು ಎರಡನೆಯದು.

ಎದೆಯಲ್ಲಿರುವ ಗ್ರಂಥಿಗೆ ಮೇದೋಜ್ಜೀರಕ ತಯಾರಿಸುವ ಇನ್ಸುಲಿನ್ ಎಲ್ಲಿಂದ ಸಿಗಬೇಕು? ನಮಗೆ ಅತ್ಯಂತ ಸೋಜಿಗವೆನಿಸುವುದು ಇದೇ. ಥೈಮಸ್‌ನ ಒಳಪದರದ ಕೋಶಗಳು ದೇಹದ ಬೇರೆ ಬೇರೆ ಅಂಗಗಳ ಪ್ರೋಟೀನುಗಳನ್ನು ಮಾದರಿಗಾಗಿ ತಾವೇ ತಯಾರಿಸುತ್ತವೆ. ಈ ಕೆಲಸಕ್ಕೆ 'ಏರ್' ಎಂಬ ವಂಶವಾಹಿ ಬೇಕು. ಅದು ಕೆಟ್ಟವರಲ್ಲಿ ಟಿ ಕೋಶಗಳು ತಮ್ಮದೇ ಗ್ರಂಥಿಗಳ ಮೇಲೆ ಬೀಳುತ್ತವೆ.

ನೂರು ಕೋಶಗಳು ಒಳಬಂದರೆ ಐದೂ ಹೊರಹೋಗುವುದಿಲ್ಲ ಎಂಬುದು ಸಾಮಾನ್ಯ ಅಂದಾಜು. ಇಷ್ಟು ಕೇರಿದರೂ ಒಂದಿಷ್ಟು ತಪ್ಪಿಸಿಕೊಳ್ಳುತ್ತವೆ. ಅವುಗಳನ್ನು ಹದ್ದುಬಸ್ತಿನಲ್ಲಿಡಲು ನಿಯಂತ್ರಕ ಟಿ ಕೋಶಗಳೆಂಬ ಇನ್ನೊಂದು ಬಗೆಯಿದೆ. ಇವನ್ನು ಗುರುತಿಸಿದ ಶಿಮೊನ್ ಸಕಾಗುಚಿ, ಇವಕ್ಕೆ ಬೇಕಾದ ಫಾಕ್ಸ್‌ಪಿ3 ವಂಶವಾಹಿಯನ್ನು ಪತ್ತೆಹಚ್ಚಿದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ 2025ರ ನೊಬೆಲ್ ಪಡೆದರು. ಈ ವಂಶವಾಹಿ ಕೆಟ್ಟು ಹುಟ್ಟಿದ ಗಂಡುಮಕ್ಕಳಿಗೆ ಹಸುಗೂಸಾಗಿರುವಾಗಲೇ ನಿಲ್ಲದ ಭೇದಿ, ಚರ್ಮದ ಉರಿಯೂತ, ಮಧುಮೇಹ ಬರುತ್ತವೆ. ಲಗಾಮಿಲ್ಲದ ರೋಗನಿರೋಧಕ ಶಕ್ತಿ ಎಂದರೆ ಇದು.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಮಧುಮೇಹವೂ ಇನ್ಸುಲಿನ್ ತಯಾರಿಸುವ ಕೋಶಗಳ ಮೇಲೆ ಟಿ ಕೋಶಗಳು ನಡೆಸುವ ದಾಳಿಯೇ. ಸಿಹಿ ತಿನ್ನಿಸಿದ್ದಕ್ಕೆ ಹೀಗಾಯಿತು ಎಂದು ತಾಯಿಯನ್ನು ದೂರುವವರು ಇದನ್ನು ತಿಳಿದಿರಬೇಕು.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ತನ್ನದೇ ಯಕೃತ್ತಿನ ಮೇಲೆ ದೇಹ ದಾಳಿ ಮಾಡುವಾಗಿನ ಲಕ್ಷಣಗಳು ಅವರಲ್ಲಿದ್ದವು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಬೇರೆ ಜಾತಿಯ ಬಳ್ಳಿ ಬಳಕೆಯಾಗಿರಬಹುದು ಎಂದಿತು. ಆ ವಾದ ಏನೇ ಇರಲಿ, ರುಮಟಾಯ್ಡ್ ಸಂಧಿವಾತ, ಲೂಪಸ್‌ನಂಥ ಕಾಯಿಲೆ ಇರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು ಇಂಥ ಡಬ್ಬಿ ತೆರೆಯುವ ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಅವರು ನುಂಗುತ್ತಿರುವ ಮಾತ್ರೆಗಳಲ್ಲಿ ಹಲವು ಇದೇ ಶಕ್ತಿಯನ್ನು ತಗ್ಗಿಸಲು ಕೊಟ್ಟಂಥವು.