ದುಬಲಗುಂಡಿಗೆ ಬಂದ ಮಾಯಾಬಜಾರು

ಮದುವೆಯ ಭಕ್ಷ್ಯಭೋಜ್ಯಗಳ ನಡುವೆ ಘಟೋತ್ಕಚನು ಒಬ್ಬನೇ ಕುಳಿತಿದ್ದಾನೆ. ಕೈ ಚಾಚುವ ಶ್ರಮವೂ ಅವನಿಗಿಲ್ಲ. ಬಾಯಿ ತೆರೆದರೆ ಸಾಕು, ಲಾಡುಗಳು ತಾವಾಗಿಯೇ ಹಾರಿಬಂದು ಬೀಳುತ್ತವೆ! ಕೆ. ವಿ. ರೆಡ್ಡಿಯವರು ನಿರ್ದೇಶಿಸಿದ ತೆಲುಗಿನ 'ಮಾಯಾಬಜಾರ್' ತೆರೆಕಂಡದ್ದು 1957ರ ಮಾರ್ಚಿನಲ್ಲಿ. ಎಸ್. ವಿ. ರಂಗಾರಾಯರ ಆ ಅಟ್ಟಹಾಸವನ್ನು ಕಂಡು ನಗದವರು ಅಂದೂ ಇರಲಿಲ್ಲ, ಇಂದೂ ಇಲ್ಲ. ಅದೇ ಚಿತ್ರದಲ್ಲಿ 'ಪ್ರಿಯದರ್ಶಿನಿ' ಎಂಬ ಪೆಟ್ಟಿಗೆಯೊಂದು ಬರುತ್ತದೆ. ಅದರ ಮುಚ್ಚಳ ತೆರೆದವರಿಗೆ ಅವರ ಮನಸ್ಸು ಬಯಸಿದ ರೂಪವು ಅಲ್ಲಿಯೇ ಕಾಣುತ್ತದೆ. ಅಂದು ಅದು ಶುದ್ಧ ಕಲ್ಪನೆ. ಇಂದಾದರೋ, ಅಂಥ ಪೆಟ್ಟಿಗೆ ಪ್ರತಿಯೊಬ್ಬರ ಜೇಬಿನಲ್ಲಿಯೂ ಇದೆ!

'ಮಾಯಾಬಜಾರ್' ಬಂದಾಗ ಬೀದರ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿ ಇನ್ನೂ ಐದು ತಿಂಗಳು ತುಂಬಿರಲಿಲ್ಲ. ಅದುವರೆಗೆ ಹೈದರಾಬಾದಿಗೆ ಸೇರಿದ್ದ ಈ ಸೀಮೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಹುಮನಾಬಾದು ಮತ್ತು ಬಸವಕಲ್ಯಾಣಗಳ ಸೀಮೆಯ ದುಬಲಗುಂಡಿಯಂಥ ಊರಿಗೆ ಅದ್ಭುತ ಚಿತ್ರಗಳು ಯಾವ ದಾರಿಯಿಂದ ಬಂದವು, ಯಾವ ಮಾತಿನಲ್ಲಿ ಬಂದವು ಎಂದು ವಿಚಾರಿಸಿದರೆ, ಬರಿಯ ಮನರಂಜನೆಯ ಕಥೆಯಂತೆ ತೋರುವ ಈ ವಿಷಯದೊಳಗೆ ಮಕ್ಕಳ ಮಾತಿನ ಪ್ರಶ್ನೆಯೊಂದು ಅಡಗಿರುವುದು ಕಂಡುಬರುತ್ತದೆ.

ಕಲ್ಯಾಣದ ಚಮತ್ಕಾರ

ಮಾಯೆ, ಚಮತ್ಕಾರಗಳು ಈ ನೆಲಕ್ಕೆ ಹೊಸವಲ್ಲ. ದುಬಲಗುಂಡಿಯ ನೆರೆಯ ಕಲ್ಯಾಣವು ಚಾಳುಕ್ಯರ ರಾಜಧಾನಿಯಾಗಿತ್ತು. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಅರಸನ ವಿನೋದಗಳನ್ನು ಒಂದೊಂದಾಗಿ ವರ್ಣಿಸುತ್ತದೆ. ಗೀತ, ವಾದ್ಯ, ನೃತ್ಯಗಳ ಸಾಲಿನಲ್ಲಿಯೇ ಕಥಾವಿನೋದಕ್ಕೂ ಚಮತ್ಕಾರವಿನೋದಕ್ಕೂ ಅಲ್ಲಿ ಸ್ಥಾನವುಂಟು. ಅದಕ್ಕೂ ಹಿಂದೆ, 11ನೆಯ ಶತಮಾನದಲ್ಲಿ, ಚಾಳುಕ್ಯ ಜಯಸಿಂಹನ ಆಸ್ಥಾನದಲ್ಲಿದ್ದ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದು, ಸಿಂಹ ನರಿಗಳಿಂದ ಕನ್ನಡ ಮಾತನಾಡಿಸಿದನು. ಮಾತನಾಡುವ ಪ್ರಾಣಿಗಳನ್ನು ಕಾಣಲು ಕನ್ನಡಿಗರು ಅಮೆರಿಕದ ವ್ಯಂಗ್ಯಚಿತ್ರಗಳಿಗಾಗಿ ಕಾಯಬೇಕಾಗಿರಲಿಲ್ಲ!

ಕಥೆಯೂ ಚಮತ್ಕಾರವೂ ಅಕ್ಕಪಕ್ಕದಲ್ಲಿದ್ದರೂ ಅವೆರಡೂ ಒಂದೇ ಅಲ್ಲ. ಕಥೆ ಇಲ್ಲದ ಚಮತ್ಕಾರವು ಜಾತ್ರೆಯ ಕಣ್ಕಟ್ಟಾಗಿ ಮುಗಿಯುತ್ತದೆ. ಈಚಿನ ಅದ್ಭುತ ಚಿತ್ರಗಳನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ.

ಉದ್ಯಾವರದಿಂದ ಮದರಾಸಿಗೆ

ದಕ್ಷಿಣದ ಸಿನೆಮಾದಲ್ಲಿ ಮಾಯಾಜಾಲವೆಂದರೆ ನೆನಪಾಗುವ ಹೆಸರು ಬಿ. ವಿಠ್ಠಲಾಚಾರ್ಯರದು. ಉಡುಪಿಯ ಬಳಿಯ ಉದ್ಯಾವರದಲ್ಲಿ 1920ರಲ್ಲಿ ಹುಟ್ಟಿದ ಇವರು ಅರಸೀಕೆರೆಯಲ್ಲಿ ಟೂರಿಂಗ್ ಟಾಕೀಸು ನಡೆಸಿ, ಡೇರೆಯಲ್ಲಿ ಮಣ್ಣಿನ ಮೇಲೆ ಕುಳಿತ ಪ್ರೇಕ್ಷಕನು ಯಾವುದಕ್ಕೆ ಬೆಚ್ಚುತ್ತಾನೆ, ಯಾವುದಕ್ಕೆ ಸೀಟಿ ಹೊಡೆಯುತ್ತಾನೆ ಎಂಬುದನ್ನು ಹತ್ತಿರದಿಂದ ಕಂಡವರು. ಡಿ. ಶಂಕರ್‌ಸಿಂಗರೊಡನೆ ಮಹಾತ್ಮಾ ಪಿಕ್ಚರ್ಸ್ ಮೂಲಕ ಕನ್ನಡದಲ್ಲಿಯೇ ಕೆಲಸವನ್ನು ಆರಂಭಿಸಿದರು. ಆದರೆ ಅವರ ಭೂತ, ಮಾಂತ್ರಿಕ, ಮೋಹಿನಿಯರು ಮೆರೆದದ್ದು ಮದರಾಸಿಗೆ ಹೋದ ಮೇಲೆ, ತೆಲುಗಿನಲ್ಲಿ! 'ಜ್ವಾಲಾದ್ವೀಪ ರಹಸ್ಯಂ', 'ಅಗ್ಗಿ ಬರಾಟಾ', 1978ರ 'ಜಗನ್ಮೋಹಿನಿ' ಚಿತ್ರಗಳಿಂದಾಗಿ ತೆಲುಗರು ಅವರನ್ನು 'ಜಾನಪದ ಬ್ರಹ್ಮ' ಎಂದು ಕರೆದರು. 1999ರಲ್ಲಿ ಅವರು ತೀರಿಕೊಂಡರು.

ಕರಾವಳಿಯ ಕನ್ನಡಿಗನೊಬ್ಬನ ಕಲ್ಪನೆಯು ಮದರಾಸಿನಲ್ಲಿ ತೆಲುಗಿನ ವೇಷ ತೊಟ್ಟು, ಗಡಿನಾಡಿನ ಕನ್ನಡಿಗನನ್ನು ಬೇರೆಯ ಮಾತಿನಲ್ಲಿ ಬಂದು ಬೆರಗುಗೊಳಿಸಿತೆಂದರೆ ಇದು ಸೋಜಿಗವಲ್ಲವೆ?

ಮಾತು ಯಾರದು?

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಜೋಡಿಸಿ ತೋರಿಸಿದರೆ ಕನ್ನಡದ ಕಲಾವಿದರಿಗೂ ತಂತ್ರಜ್ಞರಿಗೂ ಕೆಲಸವಿಲ್ಲದಂತಾಗುತ್ತದೆ ಎಂಬ ಭೀತಿಯಿಂದ 1960ರ ದಶಕದಲ್ಲಿ ಡಬ್ಬಿಂಗಿನ ವಿರುದ್ಧ ಚಳವಳಿ ನಡೆಯಿತು. ಆಗಿನ್ನೂ ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳನ್ನು ಆಶ್ರಯಿಸಿದ್ದ ಕಾಲ. ಭೀತಿಗೆ ಆಧಾರವಿಲ್ಲದಿರಲಿಲ್ಲ. ಆ ಕಟ್ಟು ಕನ್ನಡ ಚಿತ್ರರಂಗವನ್ನು ಕಾಪಾಡಿತೆಂದು ಹೇಳುವವರ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು.

ಆದರೆ ಅದರ ಬೆಲೆ ತೆತ್ತವರಲ್ಲಿ ಮಕ್ಕಳೂ ಇದ್ದರು. ಬೊಂಬೆಚಿತ್ರಗಳನ್ನಾಗಲಿ ವೈಜ್ಞಾನಿಕ ಕಲ್ಪನೆಯ ಚಿತ್ರಗಳನ್ನಾಗಲಿ ಕನ್ನಡದಲ್ಲಿ ಬೇಕಾದಷ್ಟು ತಯಾರಿಸುವ ಶಕ್ತಿ ಇಲ್ಲಿರಲಿಲ್ಲ. ಹೊರಗಿನಿಂದ ಬಂದವು ಕನ್ನಡವಾಡುವಂತಿರಲಿಲ್ಲ. ಬೆಂಗಳೂರಿನ ಮಗು ಇಂಗ್ಲಿಷಿನಲ್ಲಿ ಅಚ್ಚರಿಪಟ್ಟರೆ, ಬೀದರದ ಮಗು ಹಿಂದಿಯಲ್ಲಿಯೋ ತೆಲುಗಿನಲ್ಲಿಯೋ ಅಚ್ಚರಿಪಟ್ಟಿತು. ಶಾಲೆಯ ಪಾಠಕ್ಕೆ ಕನ್ನಡ, ಕನಸಿಗೆ ಬೇರೆಯ ಮಾತು! 2009ರಲ್ಲಿ 'ಚಿಂಟು' ವಾಹಿನಿ ಆರಂಭವಾದ ಬಳಿಕ ಕಿರುತೆರೆಯಲ್ಲಿ ಕಾರ್ಟೂನುಗಳು ಕನ್ನಡವಾಡಿದವು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗಿಗೆ ಅಡ್ಡಿಮಾಡುವುದು ಸಲ್ಲದೆಂದು ಆದೇಶಿಸಿತು. ಅಲ್ಲಿಂದೀಚೆಗೆ ದೊಡ್ಡ ಪರದೆಯ ಬಾಗಿಲೂ ಮೆಲ್ಲಮೆಲ್ಲನೆ ತೆರೆಯಿತು.

ಇಬ್ಬರು ಪ್ರಹ್ಲಾದರು

ಆ ಬಾಗಿಲಿನಿಂದ ಬಂದ ಚಿತ್ರಗಳಲ್ಲಿ ಮನೆಮಂದಿಯೆಲ್ಲ ಕೂಡಿ ನೋಡಿದ್ದು 2025ರ ಜುಲೈಯಲ್ಲಿ ತೆರೆಕಂಡ 'ಮಹಾವತಾರ ನರಸಿಂಹ'. ಅಶ್ವಿನ್ ಕುಮಾರ್ ನಿರ್ದೇಶಿಸಿ, ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಈ ಸಜೀವಚಿತ್ರವು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂದು, ಗಳಿಕೆಯಲ್ಲಿ ಭಾರತದ ಹಿಂದಿನ ಎಲ್ಲ ಸಜೀವಚಿತ್ರಗಳನ್ನು ಮೀರಿಸಿತು. ಮೊದಲರ್ಧದಲ್ಲಿ ಮುಖಗಳು ಮೇಣದ ಗೊಂಬೆಗಳಂತಿವೆ; ತುಟಿ ಅಲುಗುತ್ತದೆ, ಕಣ್ಣು ಅಲುಗುವುದಿಲ್ಲ. ವರಾಹನ ಕಾಳಗವೂ ತುಸು ದೀರ್ಘವೇ. ಆದರೆ ಕಂಬವು ಬಿರಿಯುವ ಗಳಿಗೆ ಬಂದಾಗ ಈ ಕೊರತೆಗಳೆಲ್ಲ ಮರೆತುಹೋಗುತ್ತವೆ. ಕಥೆ ಗೊತ್ತಿದ್ದೂ ಮೈ ಜುಮ್ಮೆನ್ನುತ್ತದೆ.

ಮನೆಯ ಹಿರಿಯರಿಗೆ ಇಲ್ಲಿ 1983ರ 'ಭಕ್ತ ಪ್ರಹ್ಲಾದ'ವು ನೆನಪಾಗದೆ ಇರದು. ಅಲ್ಲಿ ಡಾ. ರಾಜ್‌ಕುಮಾರರೇ ಹಿರಣ್ಯಕಶಿಪು, ಅವರ ಮಗ, ಮುಂದೆ ಪುನೀತ್ ರಾಜ್‌ಕುಮಾರ್ ಎಂದು ಹೆಸರಾದ ಬಾಲಕ ಲೋಹಿತ್, ಪ್ರಹ್ಲಾದ. ಯಂತ್ರದ ಸಹಾಯ ಅತ್ಯಲ್ಪ. ಆದರೂ ತಂದೆಯೇ ತನ್ನ ಮಗನಿಗೆ ಶಿಕ್ಷೆ ವಿಧಿಸುವಾಗ ಆ ಕಣ್ಣುಗಳಲ್ಲಿ ಕೋಪವೂ ಕರುಳೂ ಒಟ್ಟಿಗೆ ಹೊಯ್ದಾಡುವುದನ್ನು ಇಂದಿನ ಗಣಕಯಂತ್ರಕ್ಕೆ ಇನ್ನೂ ಬರೆಯಲಾಗಿಲ್ಲ. ಮೊಮ್ಮಗನಿಗೆ ಸಿಂಹದ ಗರ್ಜನೆ ಮೆಚ್ಚು, ಅಜ್ಜನಿಗೆ ತಂದೆಯ ಸಂಕಟ ಮೆಚ್ಚು. ಇಬ್ಬರೂ ತಮ್ಮ ತಮ್ಮ ನೆಲೆಯಲ್ಲಿ ಸರಿಯೇ. ಇಬ್ಬರೂ ಒಂದೇ ಮಾತಿನಲ್ಲಿ ವಾದ ಮಾಡಬಲ್ಲರೆಂಬುದೇ ಇಲ್ಲಿನ ದೊಡ್ಡ ಲಾಭ.

ಯಂತ್ರವು ಮುಖವನ್ನು ತರಬಲ್ಲದು, ಉಸಿರನ್ನು ತರಲಾರದೆಂಬುದಕ್ಕೆ 2016ರ 'ನಾಗರಹಾವು' ಇನ್ನೊಂದು ನಿದರ್ಶನ. ಕೋಡಿ ರಾಮಕೃಷ್ಣರ ಈ ಚಿತ್ರದಲ್ಲಿ, 2009ರಲ್ಲಿ ತೀರಿಕೊಂಡಿದ್ದ ವಿಷ್ಣುವರ್ಧನರನ್ನು ಗಣಕಯಂತ್ರದಿಂದ ಮರಳಿ ತೆರೆಗೆ ತಂದರು. ಅಭಿಮಾನಿಗಳ ಕಣ್ಣು ತೇವವಾದದ್ದು ನಿಜ. ಆದರೆ ಆ ಕಣ್ಣೀರು ತೆರೆಯ ಮೇಲಿನ ರೂಪಕ್ಕೆ ಸಂದದ್ದಲ್ಲ, ತಮ್ಮ ನೆನಪಿನಲ್ಲಿದ್ದ ನಟನಿಗೆ ಸಂದದ್ದು.

ಭವಿಷ್ಯದ ಕಾಶಿ, ಕನ್ನಡದ ಕನಸು

ನಾಗ್ ಅಶ್ವಿನ್ ಅವರ 'ಕಲ್ಕಿ 2898 ಎ.ಡಿ.' 2024ರ ಜೂನಿನಲ್ಲಿ ಬಂದ ತೆಲುಗು ಚಿತ್ರ. ಕನ್ನಡದ ಮಾತಿನಲ್ಲಿಯೂ ತೆರೆಕಂಡಿತು. ಕುರುಕ್ಷೇತ್ರದ ಶಾಪವನ್ನು ಹೊತ್ತ ಅಶ್ವತ್ಥಾಮನು ಸಾವಿರಾರು ವರ್ಷ ಬದುಕಿ, ಮರುಭೂಮಿಯಾದ ಕಾಶಿಯಲ್ಲಿ ಮತ್ತೆ ಎದ್ದುನಿಲ್ಲುತ್ತಾನೆ. ಮೇಲೆ ಸಿರಿವಂತರ ನಗರದಲ್ಲಿ ನೀರು, ಹಸಿರು; ಕೆಳಗೆ ಬಡವರಿಗೆ ಧೂಳು. ಬರಗಾಲವನ್ನು ಬಲ್ಲ ಬೀದರದ ಪ್ರೇಕ್ಷಕನಿಗೆ ಈ ಚಿತ್ರ ಪರಕೀಯವೆನಿಸದು. ಮಾತನಾಡುವ ಮೋಟಾರು, ಮುಗಿಯದ ಹೊಡೆದಾಟಗಳು ಮೂರು ಗಂಟೆಯ ಚಿತ್ರವನ್ನು ಎಳೆದುಬಿಡುತ್ತವೆ. ಆದರೆ ಅಮಿತಾಭ್ ಬಚ್ಚನ್ನರ ಅಶ್ವತ್ಥಾಮನು ಗರ್ಭಿಣಿಯೊಬ್ಬಳ ಮುಂದೆ ಕಾವಲು ನಿಂತಾಗ, ಒಮ್ಮೆ ಗರ್ಭಸ್ಥ ಶಿಶುವಿಗೆ ಅಸ್ತ್ರವೆಸೆದವನೇ ಇವನೆಂಬುದು ಹೊಳೆದು ಮನಸ್ಸು ಭಾರವಾಗುತ್ತದೆ. ಇಡೀ ಚಿತ್ರದ ಜೀವವಿರುವುದು ಅಲ್ಲಿ.

ಕೋಟಿಗಟ್ಟಲೆ ಹಣವಿಲ್ಲದೆಯೂ ವಿಜ್ಞಾನಕಲ್ಪನೆ ಸಾಧ್ಯವೆಂಬುದನ್ನು ಕನ್ನಡವೇ ತೋರಿಸಿದೆ. ಪ್ರೇಕ್ಷಕರಿಂದಲೇ ಹಣವೆತ್ತಿ ಪವನ್ ಕುಮಾರ್ 2013ರಲ್ಲಿ ತೆಗೆದ 'ಲೂಸಿಯಾ'ದಲ್ಲಿ, ಚಿತ್ರಮಂದಿರದ ಕತ್ತಲಲ್ಲಿ ಬ್ಯಾಟರಿ ಹಿಡಿದು ಸೀಟು ತೋರಿಸುವ ಹುಡುಗನೊಬ್ಬ, ಗುಳಿಗೆ ನುಂಗಿ ಚಿತ್ರತಾರೆಯಾಗುವ ಕನಸು ಕಾಣುತ್ತಾನೆ. ಯಾವುದು ಕನಸು, ಯಾವುದು ನನಸು ಎಂಬ ಪ್ರಶ್ನೆ ಕೊನೆಯವರೆಗೂ ಕಾಡುತ್ತದೆ. ಶ್ರೀನಿಧಿ ಬೆಂಗಳೂರು ಅವರ 'ಬ್ಲಿಂಕ್' 2024ರ ಮಾರ್ಚಿನಲ್ಲಿ ಬಂತು. ಅಲ್ಲಿ ಕಾಲಯಾನಕ್ಕೆ ವಿಮಾನವೂ ಬೇಡ, ಯಂತ್ರವೂ ಬೇಡ. ಕಣ್ಣು ಮಿಟುಕಿಸದಿದ್ದರೆ ಸಾಕು! ಕಥೆಯ ಗಂಟು ಬಿಡಿಸಲು ಎರಡು ಸಲ ನೋಡಬೇಕಾದೀತು. ಆದರೂ ಒಂದು ರೆಪ್ಪೆಯ ಮೇಲೆ ಕಾಲಚಕ್ರವನ್ನೇ ನಿಲ್ಲಿಸಿದ ಜಾಣ್ಮೆಗೆ ಮೆಚ್ಚುಗೆ ಸಲ್ಲಲೇಬೇಕು. ಆದರೆ ಇವೆರಡೂ ದೊಡ್ಡವರ ಚಿತ್ರಗಳು. ಎಂಟು ಹತ್ತು ವರ್ಷದ ಮಗುವಿಗೆ ಕನ್ನಡದಲ್ಲಿಯೇ ಹುಟ್ಟಿದ ಅದ್ಭುತವೆಲ್ಲಿ?

ಮಾತಿಲ್ಲದ ಬೆಕ್ಕು

ಈ ಪ್ರಶ್ನೆಗೆ ಉತ್ತರದ ಸುಳಿವು ದೂರದ ಲಾಟ್ವಿಯಾ ದೇಶದಿಂದ ಬಂದಿದೆ. ಗಿಂಟ್ಸ್ ಝಿಲ್ಬಲೊಡಿಸ್ ಎಂಬ ತರುಣನ 'ಫ್ಲೋ' ಚಿತ್ರದಲ್ಲಿ ಮಾತೇ ಇಲ್ಲ. ಲೋಕವೆಲ್ಲ ನೆರೆಯಲ್ಲಿ ಮುಳುಗುತ್ತಿರುವಾಗ ಕಪ್ಪು ಬೆಕ್ಕೊಂದು ದೋಣಿಯೇರುತ್ತದೆ. ನಾಯಿ, ಹಕ್ಕಿ, ಇನ್ನೂ ಎರಡು ವಿಚಿತ್ರ ಪ್ರಾಣಿಗಳು ಜೊತೆಗೂಡುತ್ತವೆ. ಒಂಟಿಯಾಗಿರಬಯಸುವ ಬೆಕ್ಕು ಹಂಚಿಕೊಂಡು ಬಾಳುವುದನ್ನು ಕಲಿಯುತ್ತದೆ, ಅಷ್ಟೇ ಕಥೆ. ನೀರಿಗೆ ಬೆದರಿದ ಬೆಕ್ಕು ಕಿವಿ ಮಡಿಸುವುದನ್ನು ಕಂಡಾಗ ಅದು ಚಿತ್ರವೆಂಬುದೇ ಮರೆಯುತ್ತದೆ. ಡಬ್ಬಿಂಗಿನ ಜಗಳಕ್ಕೆ ಅಲ್ಲಿ ಅವಕಾಶವೇ ಇಲ್ಲ. ದುಬಲಗುಂಡಿಯ ಮಗುವಿಗೂ ಪ್ಯಾರಿಸ್ಸಿನ ಮಗುವಿಗೂ ಅದು ಒಂದೇ.

ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆಯದು. ಈ ಚಿತ್ರ ತಯಾರಾದದ್ದು 'ಬ್ಲೆಂಡರ್' ಎಂಬ ತಂತ್ರಾಂಶದಿಂದ. ಅದನ್ನು ಯಾರು ಬೇಕಾದರೂ ಒಂದು ಕಾಸೂ ಕೊಡದೆ ಪಡೆಯಬಹುದು! ಹಾಗೆ ತಯಾರಾದ ಚಿತ್ರವು 2025ರ ಮಾರ್ಚಿನಲ್ಲಿ ಶ್ರೇಷ್ಠ ಸಜೀವಚಿತ್ರವೆಂದು ಆಸ್ಕರ್ ಪ್ರಶಸ್ತಿಯನ್ನು ಗೆದ್ದಿತು. ಲಾಟ್ವಿಯಾದ ಒಟ್ಟು ಜನಸಂಖ್ಯೆ ಸುಮಾರು 20 ಲಕ್ಷ. ಬೀದರ ಜಿಲ್ಲೆಯೊಂದರಲ್ಲಿಯೇ 2011ರ ಜನಗಣತಿಯಂತೆ 17 ಲಕ್ಷ ಜನರಿದ್ದರು.

ಚಿಕ್ಕ ನಾಡು, ಚಿಕ್ಕ ಹಣ ಎಂಬ ನೆಪ ಇನ್ನು ನಡೆಯದು. ಹೊರಗಿನ ಅದ್ಭುತಕ್ಕೆ ಕನ್ನಡದ ಮಾತು ದೊರೆತದ್ದು ಒಳ್ಳೆಯದೇ. ಅದು ಅರ್ಧ ದಾರಿ. ಉಳಿದರ್ಧ ದಾರಿಯಲ್ಲಿ ದುರ್ಗಸಿಂಹನ ನರಿಗಳು ಸಾವಿರ ವರ್ಷದಿಂದ ಕಾದು ಕುಳಿತಿವೆ. ಅವುಗಳಿಗೆ ಬಣ್ಣ ತುಂಬಿ ನಡೆಸುವ ಕೈ ಬೆಂಗಳೂರಿನಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಹುಮನಾಬಾದಿನಲ್ಲಿಯೋ, ದುಬಲಗುಂಡಿಯಲ್ಲಿಯೋ, ಹಳೆಯದೊಂದು ಗಣಕಯಂತ್ರದ ಮುಂದೆ ಕುಳಿತ ಹುಡುಗಿಯೊಬ್ಬಳ ಕೈಯೂ ಅದಾಗಬಹುದು. ಅವಳ ಕೈಗೆ ಆ ತಂತ್ರಾಂಶವನ್ನೂ ಆ ಕಥೆಗಳನ್ನೂ ತಲುಪಿಸುವುದು ಮಾತ್ರ ಹಿರಿಯರ ಹೊಣೆ.