ಎಣ್ಣೆಯಿಲ್ಲದ ತಲೆ, ಅಲೆ ತುಂಬಿದ ಹಾಳೆ

ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಗೆ ಬರುವವರಿಗೆ ಮೊದಲೇ ಒಂದು ಷರತ್ತು: ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ. ತೆಂಗಿನೆಣ್ಣೆಯ ಊರಾದ ಮಂಗಳೂರಿನಲ್ಲಿ ಇದು ಸಣ್ಣ ಷರತ್ತೇನಲ್ಲ. ಅತ್ತಾವರದ ಕೆಎಂಸಿ ಆಸ್ಪತ್ರೆಯಂಥ ಕಡೆ ನೆತ್ತಿಗೆ ಅಂಟಿಸುವ ಎಲೆಕ್ಟ್ರೋಡುಗಳು ಹಿಡಿಯಬೇಕಾದ ವಿದ್ಯುತ್ತು ಒಂದು ವೋಲ್ಟಿನ ಲಕ್ಷದಲ್ಲಿ ಕೆಲವೇ ಪಾಲು. ಎಣ್ಣೆಯ ಪಸೆ ಇದ್ದರೆ ಅದೂ ಸರಿಯಾಗಿ ಸಿಗದು.

ಕಣ್ಣು ಮುಚ್ಚಿ ಎಂದಾಗ ಪರದೆಯ ಮೇಲೆ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಅಲೆ ಎದ್ದು ಕಾಣುತ್ತದೆ. ಆಲ್ಫಾ ಎಂಬ ಈ ಅಲೆಯನ್ನು ಗುರುತಿಸಿದವರು ಜರ್ಮನಿಯ ಹ್ಯಾನ್ಸ್ ಬರ್ಗರ್. ಮನುಷ್ಯನ ಮೊದಲ ಇಇಜಿಯನ್ನು ಅವರು 1924ರಲ್ಲಿ ದಾಖಲಿಸಿದರು, ಪ್ರಕಟಿಸಿದ್ದು 1929ರಲ್ಲಿ.

ಈ ಅಲೆಗಳಿಗೂ ನೆನಪಿಗೂ ಇರುವ ನಂಟಿನ ಕತೆ ಇನ್ನೂ ಒಳಗಿದೆ. ಮಿದುಳಿನ ಆಳದ ಹಿಪೊಕ್ಯಾಂಪಸ್‌ನಲ್ಲಿ ಥೀಟಾ ಎಂಬ ನಿಧಾನದ ಅಲೆ, ಅದರೊಳಗೆ ಗಾಮಾ ಎಂಬ ಚುರುಕಿನ ಅಲೆ. ಯಕ್ಷಗಾನ ನೋಡಿದವರಿಗೆ ಇದು ಸುಲಭ: ಭಾಗವತರ ಜಾಗಟೆಯ ಎರಡು ಪೆಟ್ಟುಗಳ ನಡುವೆ ಚೆಂಡೆಯ ಹತ್ತಾರು ಪೆಟ್ಟು ಕೂರುತ್ತವಲ್ಲ, ಹಾಗೆ. ಒಂದರ ಹಿಂದೊಂದು ನಡೆದದ್ದು ಅದೇ ಕ್ರಮದಲ್ಲಿ ನೆನಪಾಗಿ ಉಳಿಯಲು ಈ ಹೊಂದಾಣಿಕೆ ನೆರವಾಗುತ್ತದೆ ಎಂಬುದು ಬಹಳ ವಿಜ್ಞಾನಿಗಳ ಎಣಿಕೆ.

ನಿರ್ಧಾರಕ್ಕೂ ಇದೇ ತಾಳ. ಕವಲುದಾರಿಗೆ ಬಂದ ಇಲಿ ಒಂದು ಗಳಿಗೆ ನಿಂತು ಅತ್ತಿತ್ತ ತಲೆ ಹೊರಳಿಸುತ್ತದೆ. ಆಗ ಅದರ ಹಿಪೊಕ್ಯಾಂಪಸ್‌ನ ಕೋಶಗಳು ಮೊದಲು ಒಂದು ದಾರಿಯಲ್ಲಿ, ಬಳಿಕ ಇನ್ನೊಂದರಲ್ಲಿ ಮುಂದೆ ಓಡಿ ನೋಡಿದಂತೆ ಮಿಡಿಯುವುದನ್ನು ಅಮೆರಿಕದ ಜಾನ್ಸನ್ ಮತ್ತು ರೆಡಿಶ್ 2007ರಲ್ಲಿ ತೋರಿಸಿದರು. ಎರಡೂ ಸಾಧ್ಯತೆಗಳು ಸೆಕೆಂಡಿಗೆ ಸುಮಾರು 8 ಸಲ, ಥೀಟಾದ ಲಯದಲ್ಲೇ, ಅದಲುಬದಲಾಗಬಲ್ಲವು ಎಂದು 2020ರ ಇನ್ನೊಂದು ಅಧ್ಯಯನ ಹೇಳಿತು. ಇಲಿಯ ಮೈ ಇನ್ನೂ ಕವಲು ದಾಟಿಲ್ಲ. ನೆನಪು ಮಾತ್ರ ಎರಡೂ ಓಣಿ ಹೊಕ್ಕು ಬಂದಿದೆ! ಅತ್ತಾವರದ ಕವಲಿನಲ್ಲಿ ಕಂಕನಾಡಿಗೋ ಪಾಂಡೇಶ್ವರಕ್ಕೋ ಎಂದು ತಡವರಿಸುವ ರಿಕ್ಷಾ ಚಾಲಕನ ತಲೆಯಲ್ಲೂ ಹೀಗೇ ಆಗುತ್ತದೆಯೇ? ಇಲಿಯಿಂದ ಮನುಷ್ಯನಿಗೆ ಅಷ್ಟು ಸಲೀಸಾಗಿ ಜಿಗಿಯಲಾಗದು.

ಈ ಅಲೆಗಳ ಅಧ್ಯಯನದಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಪ್ರತಿಮ್ ರೇ ಅವರ ತಂಡ ಹಿರಿಯರಿಗೆ ಪರದೆಯ ಮೇಲೆ ಕಪ್ಪುಬಿಳುಪು ಪಟ್ಟೆಗಳನ್ನು ತೋರಿಸಿ ಇಇಜಿ ದಾಖಲಿಸಿತು. ವಯಸ್ಸಾದಂತೆ ಗಾಮಾ ಸೊರಗುವುದು, ಆಲ್ಝೈಮರ್ಸ್ ಎಂಬ ಮರೆವಿನ ರೋಗದ ಆರಂಭದಲ್ಲಿದ್ದವರಲ್ಲಿ ಅದೇ ವಯಸ್ಸಿನ ಆರೋಗ್ಯವಂತರಿಗಿಂತಲೂ ಕುಗ್ಗಿರುವುದು ಕಂಡಿತು. ಆ ಎರಡನೆಯ ವರದಿ ಬಂದದ್ದು 2021ರಲ್ಲಿ. ರೋಗಿಗಳ ಸಂಖ್ಯೆ ಚಿಕ್ಕದಾದ್ದರಿಂದ ಇದನ್ನು ಸುಳಿವು ಎನ್ನಬೇಕೇ ಹೊರತು ರೋಗಪತ್ತೆ ಎನ್ನಲಾಗದು.

ಆಸ್ಪತ್ರೆಗಳಲ್ಲಿ ಇಇಜಿ ಇಂದಿಗೂ ಹೆಚ್ಚಾಗಿ ಬಳಕೆಯಾಗುವುದು ಅಪಸ್ಮಾರಕ್ಕೆ. ನೆನಪಿನ ಶಕ್ತಿಗೆ ಅಂಕ ಕೊಡುವ ಯಂತ್ರ ಅದಲ್ಲ. ಮನೆಯ ಹಿರಿಯರಿಗೆ ಮರೆವು ಹೆಚ್ಚುತ್ತಿದ್ದರೆ, ಮಿದುಳಿನ ಅಲೆ ತಿದ್ದುತ್ತೇವೆ ಎನ್ನುವ ಜಾಹೀರಾತಿನ ತಲೆಪಟ್ಟಿಗಳಿಗೆ ದುಡ್ಡು ಸುರಿಯುವ ಮೊದಲು ನರರೋಗ ತಜ್ಞರಿಗೆ ತೋರಿಸಿ.